ಮಂಚೂರಿಯಾದ ಚಳಿಯಲ್ಲಿ ಮಾಸ್ಕ್ ಕಟ್ಟಿಸಿದ ಡಾಕ್ಟರ್

ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಡಬೇಕು, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರಬೇಕು. ನಮ್ಮ ಹಿಂದಿನ ತಲೆಮಾರುಗಳಿಗೆ ಪ್ಲೇಗ್ ಕಲಿಸಿದ ಪಾಠ ಇದು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ರೋಗ ಹುಬ್ಬಳ್ಳಿಯನ್ನು ಹಾದು 1898ರಲ್ಲಿ ಬೆಂಗಳೂರಿಗೂ ಬಂತು. ಇಂದಿಗೂ ಅಲ್ಲಲ್ಲಿ ಇರುವ ಪ್ಲೇಗಮ್ಮನ ಗುಡಿಗಳು ಆ ದಿನಗಳ ಭಯವನ್ನು ನೆನಪಿಸುತ್ತವೆ. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಮನುಷ್ಯನಿಗೆ ಹರಡುತ್ತದೆ ಎಂಬುದು ಮುಂಬೈಯಲ್ಲಿ ನಡೆದ ಪ್ರಯೋಗಗಳಿಂದ ಖಚಿತವಾದ ಮೇಲೆ, ಜಗತ್ತಿನ ವೈದ್ಯರೆಲ್ಲರೂ ಇದೇ ಪಾಠವನ್ನು ಒಪ್ಪಿಕೊಂಡರು. ಪ್ಲೇಗ್ ಎಂದರೆ ಇಲಿ, ಇಲಿಯನ್ನು ಕೊಂದರೆ ಪ್ಲೇಗ್ ಹೋಯಿತು.

ಆದರೆ 1910ರ ಚಳಿಗಾಲದಲ್ಲಿ, ಚೀನಾದ ಈಶಾನ್ಯ ಮೂಲೆಯಲ್ಲಿ, ಸರಿಯಾಗಿದ್ದ ಈ ಪಾಠವೇ ಜನರ ಪ್ರಾಣಕ್ಕೆ ಎರವಾಯಿತು. ಆ ಪಾಠ ಇಲ್ಲಿ ಸಾಲದು ಎಂದು ಧೈರ್ಯವಾಗಿ ಹೇಳಿದವರು 31 ವರ್ಷದ ಒಬ್ಬ ಡಾಕ್ಟರ್. ಅವರ ಹೆಸರು ವು ಲಿಯೆನ್ ತೆ. ಕೊರೊನಾ ಕಾಲದಲ್ಲಿ ನಾವೆಲ್ಲ ಮುಖಕ್ಕೆ ಕಟ್ಟಿಕೊಂಡ ಮಾಸ್ಕ್‌ನ ಕಥೆ ಹುಡುಕುತ್ತಾ ಹೋದರೆ ಅವರ ಬಳಿಗೇ ಬರಬೇಕಾಗುತ್ತದೆ.

ವು ಹುಟ್ಟಿದ್ದು 1879ರ ಮಾರ್ಚ್ 10ರಂದು, ಇಂದಿನ ಮಲೇಷ್ಯಾದ ಪೆನಾಂಗ್‌ನಲ್ಲಿ. ಆಗ ಅದು ಬ್ರಿಟಿಷರ ವಸಾಹತು. ಅವರ ತಂದೆ ದಕ್ಷಿಣ ಚೀನಾದಿಂದ ವಲಸೆ ಬಂದು ಚಿನಿವಾರ ಕೆಲಸ ಮಾಡುತ್ತಿದ್ದವರು. ಮಕ್ಕಳು ಬಹಳ ಇದ್ದ ಸಂಸಾರ. ಓದಿನಲ್ಲಿ ಚುರುಕಾಗಿದ್ದ ಹುಡುಗ 1896ರಲ್ಲಿ ಕ್ವೀನ್ಸ್ ಸ್ಕಾಲರ್‌ಶಿಪ್ ಗೆದ್ದು ಇಂಗ್ಲೆಂಡಿಗೆ ಹೋದ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿದ ಮೊದಲ ಚೀನೀ ವಿದ್ಯಾರ್ಥಿ ಅವರೇ. ಲಂಡನ್ನಿನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ, ಲಿವರ್‌ಪೂಲ್, ಜರ್ಮನಿಯ ಹಾಲೆ ಮತ್ತು ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಅಧ್ಯಯನ ಮಾಡಿದರು.

ಇಷ್ಟೆಲ್ಲಾ ಓದಿ 1903ರಲ್ಲಿ ಊರಿಗೆ ಮರಳಿದವರಿಗೆ ಸರ್ಕಾರಿ ವೈದ್ಯಕೀಯ ಸೇವೆಯ ಮೇಲಿನ ಹುದ್ದೆಗಳ ಬಾಗಿಲು ಮುಚ್ಚಿತ್ತು. ಆ ಹುದ್ದೆಗಳು ಬ್ರಿಟಿಷರಿಗೆ ಮಾತ್ರ ಮೀಸಲು. ಕೈಯಲ್ಲಿ ಕೇಂಬ್ರಿಡ್ಜ್ ಪದವಿ, ಮುಂದೆ ದಾರಿಯಿಲ್ಲ. ಅವರು ಒಂದು ವರ್ಷ ಕ್ವಾಲಾಲಂಪುರದ ಸಂಶೋಧನಾ ಸಂಸ್ಥೆಯಲ್ಲಿ ಬೆರಿಬೆರಿ ರೋಗದ ಅಧ್ಯಯನ ಮಾಡಿ, ಆಮೇಲೆ ಪೆನಾಂಗ್‌ನಲ್ಲಿ ಸ್ವಂತ ಕ್ಲಿನಿಕ್ ತೆರೆದರು.

ಆ ಕಾಲದಲ್ಲಿ ಅಲ್ಲಿನ ಬಡ ಕೂಲಿಗಳನ್ನು ಅಫೀಮು ತಿಂದುಹಾಕುತ್ತಿತ್ತು. ಅಫೀಮಿನ ವ್ಯಾಪಾರದಿಂದ ಸರ್ಕಾರಕ್ಕೂ ಆದಾಯ, ವ್ಯಾಪಾರಿಗಳಿಗೂ ಆದಾಯ. ವು ಅದರ ವಿರುದ್ಧ ಸಂಘ ಕಟ್ಟಿ ಸಭೆಗಳನ್ನು ನಡೆಸಿದರು. ಸ್ವಲ್ಪ ದಿನಗಳಲ್ಲೇ ಅವರ ಕ್ಲಿನಿಕ್ ಮೇಲೆ ದಾಳಿ ನಡೆಯಿತು. ಔಷಧಿಗಾಗಿ ಇಟ್ಟಿದ್ದ ಒಂದಿಷ್ಟು ಅಫೀಮಿನ ದ್ರಾವಣ ಸಿಕ್ಕಿತೆಂದು ಅವರಿಗೇ ದಂಡ ಹಾಕಲಾಯಿತು. ಅಫೀಮಿನ ವಿರುದ್ಧ ಹೋರಾಡಿದವರು ಅಫೀಮಿನ ಕೇಸಿನಲ್ಲೇ ತಪ್ಪಿತಸ್ಥರಾದರು. ಅದೇ ಹೊತ್ತಿಗೆ ಚೀನಾದಿಂದ ಕರೆ ಬಂತು. 1908ರಲ್ಲಿ ಅವರು ತಿಯಾಂಜಿನ್ ನಗರದ ಸೇನಾ ವೈದ್ಯಕೀಯ ಕಾಲೇಜಿನ ಉಪನಿರ್ದೇಶಕರಾದರು. ಚೀನೀ ವಂಶದವರಾದರೂ ಅಲ್ಲಿನ ಆಡಳಿತ ಭಾಷೆ ಅವರಿಗೆ ಬರುತ್ತಿರಲಿಲ್ಲ. ನೌಕರಿಗೆ ಸೇರಿದ ಮೇಲೆ ಭಾಷೆ ಕಲಿತರು.

ಎರಡು ವರ್ಷ ಕಳೆಯುವಷ್ಟರಲ್ಲಿ ಮಂಚೂರಿಯಾದಿಂದ ಕೆಟ್ಟ ಸುದ್ದಿ ಬರತೊಡಗಿತು. ಹಾರ್ಬಿನ್ ಎಂಬ ರೈಲ್ವೆ ನಗರದ ಪಕ್ಕದ ಫುಜಿಯಾದಿಯನ್ ಎಂಬಲ್ಲಿ ಜನ ಜ್ವರ ಬಂದು, ಕೆಮ್ಮಿ, ರಕ್ತ ಕಾರಿ ಒಂದೆರಡು ದಿನಗಳಲ್ಲೇ ಸಾಯುತ್ತಿದ್ದರು.  ಆ ಪ್ರದೇಶದಲ್ಲಿ ಟಾರ್ಬಗನ್ ಎಂಬ, ಬಿಲದಲ್ಲಿ ವಾಸಿಸುವ ದಪ್ಪ ಅಳಿಲಿನಂಥ ಪ್ರಾಣಿ ಇದೆ. ಅದರ ಚರ್ಮಕ್ಕೆ ಯುರೋಪಿನಲ್ಲಿ ಒಮ್ಮೆಲೇ ಬೆಲೆ ಬಂದಿತ್ತು. ತಲೆತಲಾಂತರದಿಂದ ಅದನ್ನು ಬೇಟೆಯಾಡುತ್ತಿದ್ದ ಮಂಗೋಲರು ಮಂಕಾಗಿ ಕುಳಿತ, ಓಡಲಾರದ ಪ್ರಾಣಿಯನ್ನು ಮುಟ್ಟುತ್ತಿರಲಿಲ್ಲ. ಹಣದಾಸೆಗೆ ದೂರದ ಊರುಗಳಿಂದ ಬಂದ ಹೊಸ ಬೇಟೆಗಾರರಿಗೆ ಈ ತಿಳಿವಳಿಕೆ ಇರಲಿಲ್ಲ. ಅವರು ರೋಗಿಷ್ಠ ಪ್ರಾಣಿಗಳನ್ನೂ ಹಿಡಿದು ಚರ್ಮ ಸುಲಿದರು. ರಾತ್ರಿ ಇಕ್ಕಟ್ಟಾದ ಛತ್ರಗಳಲ್ಲಿ ಹತ್ತಾರು ಜನ ಒತ್ತೊತ್ತಾಗಿ ಮಲಗಿದರು. ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಅಲ್ಲಿಂದ ರೋಗ ರೈಲು ಹತ್ತಿತು.

1910ರ ಡಿಸೆಂಬರ್ 24ರಂದು ವು ಒಬ್ಬ ಹಿರಿಯ ವಿದ್ಯಾರ್ಥಿಯನ್ನು ಜೊತೆಗೆ ಕರೆದುಕೊಂಡು ಹಾರ್ಬಿನ್‌ನಲ್ಲಿ ಇಳಿದರು. ಅವರ ಕೈಯಲ್ಲಿದ್ದ ಮುಖ್ಯ ಸಾಮಾನು ಒಂದು ಮೈಕ್ರೋಸ್ಕೋಪು. ಫುಜಿಯಾದಿಯನ್‌ನಲ್ಲಿ ಸುಮಾರು 24 ಸಾವಿರ ಜನ. ಸರಿಯಾದ ಆಸ್ಪತ್ರೆ ಇಲ್ಲ, ಪ್ರಯೋಗಾಲಯ ಇಲ್ಲ. ಹೊರಗೆ ಸೊನ್ನೆಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗಿನ ಚಳಿ.

ಮೂರನೆಯ ದಿನ ಅವರಿಗೆ ಒಂದು ಅವಕಾಶ ಸಿಕ್ಕಿತು. ಛತ್ರ ನಡೆಸುತ್ತಿದ್ದ ಚೀನೀಯನೊಬ್ಬನ ಜಪಾನೀ ಹೆಂಡತಿ ಇದೇ ಕಾಯಿಲೆಯಿಂದ ಸತ್ತಿದ್ದಳು. ಸತ್ತವರ ದೇಹವನ್ನು ಕೊಯ್ಯುವುದು ಅಲ್ಲಿನ ಸಂಪ್ರದಾಯಕ್ಕೆ ಸಂಪೂರ್ಣ ವಿರುದ್ಧ. ಹಾಗಾಗಿ ಆ ಮನೆಯ ಕೋಣೆಯಲ್ಲೇ, ಹೊರಗೆ ಸುದ್ದಿಯಾಗದಂತೆ, ಅವರು ಶವಪರೀಕ್ಷೆ ಮಾಡಿದರು. ಶ್ವಾಸಕೋಶ, ಹೃದಯ, ಗುಲ್ಮಗಳಿಂದ ತೆಗೆದ ಮಾದರಿಗಳಲ್ಲಿ ಪ್ಲೇಗಿನ ಬ್ಯಾಕ್ಟೀರಿಯಾ ತುಂಬಿದ್ದವು. ಊರಿನ ಅಧಿಕಾರಿಗಳನ್ನು ಕರೆದು ಅವರ ಕಣ್ಣಿನಿಂದಲೇ ಮೈಕ್ರೋಸ್ಕೋಪಿನಲ್ಲಿ ನೋಡುವಂತೆ ಮಾಡಿದರು. ನಾನು ಹೇಳುತ್ತೇನೆ ನಂಬಿ ಎನ್ನುವ ಬದಲು, ನೀವೇ ನೋಡಿ ಎಂಬ ದಾರಿಯನ್ನು ಅವರು ಆರಿಸಿಕೊಂಡರು.

ರೋಗ ಪ್ಲೇಗ್ ಎಂದಾಯಿತು. ಆದರೆ ಅವರಿಗೆ ಇನ್ನೂ ಒಂದು ವಿಷಯ ಕಾಣಿಸಿತು. ರೋಗಿಗಳಿಗೆ ಗಡ್ಡೆ ಏಳುತ್ತಿರಲಿಲ್ಲ, ರೋಗ ನೇರವಾಗಿ ಶ್ವಾಸಕೋಶಕ್ಕೇ ಇಳಿದಿತ್ತು. ಅಂಥ ಕೊರೆಯುವ ಚಳಿಯಲ್ಲಿ ಇಲಿ, ಚಿಗಟಗಳು ಇಷ್ಟು ವೇಗವಾಗಿ ರೋಗ ಹರಡುವುದು ಸಾಧ್ಯವಿರಲಿಲ್ಲ. ರೋಗಿ ಕೆಮ್ಮಿದಾಗ ಸಿಡಿಯುವ ಹನಿಗಳಿಂದ, ಮನುಷ್ಯನಿಂದ ಮನುಷ್ಯನಿಗೆ, ಉಸಿರಿನ ಮೂಲಕ ಅದು ಹರಡುತ್ತಿದೆ ಎಂಬ ತೀರ್ಮಾನಕ್ಕೆ ಅವರು ಬಂದರು. ಆಗ ಇದಕ್ಕೆ ಔಷಧಿ ಇರಲಿಲ್ಲ. ರೋಗ ತಗುಲಿದವರು ಬದುಕುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಹಾಗಿದ್ದ ಮೇಲೆ ಉಳಿದ ದಾರಿ ತಗುಲದಂತೆ ನೋಡಿಕೊಳ್ಳುವುದೊಂದೇ. ಶಸ್ತ್ರಚಿಕಿತ್ಸೆಗೆ ಬಳಸುವ ತೆಳು ಬಟ್ಟೆಯ ಪದರಗಳ ನಡುವೆ ಹತ್ತಿಯ ತುಂಡಿಟ್ಟು, ತಲೆಯ ಹಿಂದೆ ಕಟ್ಟಿಕೊಳ್ಳುವಂತೆ ಉದ್ದನೆಯ ಪಟ್ಟಿಗಳನ್ನು ಬಿಟ್ಟು, ಅವರು ಒಂದು ಮಾಸ್ಕ್ ರೂಪಿಸಿದರು. ಯಾರು ಬೇಕಾದರೂ ಮಾಡಿಕೊಳ್ಳಬಹುದಾದಷ್ಟು ಸುಲಭ, ಅಗ್ಗ. ಇಂದಿನ ಎನ್-95 ಮಾಸ್ಕ್‌ನ ಮೂಲವನ್ನು ಹಲವು ಇತಿಹಾಸಕಾರರು ಇಲ್ಲಿ ಗುರುತಿಸುತ್ತಾರೆ.

ಮಾಸ್ಕ್ ಸಿದ್ಧವಾದರೂ ಅದನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಸಾಮಾನ್ಯ ಜನ ಹಿಂಜರಿದರು. ವೈದ್ಯರೇ ನಕ್ಕರು. ಅವರಲ್ಲಿ ಮುಖ್ಯರಾದವರು ಫ್ರಾನ್ಸಿನ ಜೆರಾಲ್ಡ್ ಮೆಸ್ನಿ. ವಯಸ್ಸಿನಲ್ಲಿ, ಅನುಭವದಲ್ಲಿ ದೊಡ್ಡವರು. ಪ್ಲೇಗ್ ರೋಗಿಗಳನ್ನು ಮೊದಲೇ ನೋಡಿದ್ದವರು. ಇಲಿಗಳ ಮೂಲಕವೇ ರೋಗ ಹರಡುತ್ತದೆ ಎಂಬುದು ಅವರ ದೃಢ ನಂಬಿಕೆ. ಜನವರಿ ಮೊದಲ ವಾರ ಹಾರ್ಬಿನ್‌ಗೆ ಬಂದ ಅವರಿಗೆ ಒಬ್ಬ ಚೀನೀ ತರುಣನ ಕೈಕೆಳಗೆ ಕೆಲಸ ಮಾಡುವುದು ಅವಮಾನವಾಗಿ ಕಂಡಿತು. ಅವರು ವು ಅವರನ್ನು ಎದುರಿಗೇ ಹೀಯಾಳಿಸಿದರು. ವು ಜಗಳಕ್ಕೆ ನಿಲ್ಲಲಿಲ್ಲ. ಬೀಜಿಂಗ್‌ಗೆ ತಂತಿ ಕಳಿಸಿ, ಬೇಕಿದ್ದರೆ ತಾವು ರಾಜೀನಾಮೆ ಕೊಡುವುದಾಗಿ ತಿಳಿಸಿದರು. ಸರ್ಕಾರ ಅವರ ಪರವಾಗಿ ನಿಂತಿತು.

ಜನವರಿ 5ರಂದು ಮೆಸ್ನಿ ರಷ್ಯನ್ನರ ಆಸ್ಪತ್ರೆಗೆ ಹೋಗಿ, ಮುಖಕ್ಕೆ ಏನನ್ನೂ ಕಟ್ಟಿಕೊಳ್ಳದೆ ರೋಗಿಗಳನ್ನು ಪರೀಕ್ಷಿಸಿದರು. ಜನವರಿ 11ರಂದು ಅದೇ ರೋಗದಿಂದ ತೀರಿಕೊಂಡರು.

ಈ ಸಾವಿನ ಸುದ್ದಿ ಊರನ್ನೆಲ್ಲ ನಡುಗಿಸಿತು. ನಿನ್ನೆಯವರೆಗೆ ಮಾಸ್ಕ್ ಎಂದರೆ ನಗುತ್ತಿದ್ದವರು ಇಂದು ಬೀದಿಯಲ್ಲಿ ಮಾಸ್ಕ್ ಇಲ್ಲದೆ ಕಾಣಿಸಲಿಲ್ಲ. ಮೆಸ್ನಿ ದಡ್ಡರೂ ಅಲ್ಲ, ಕೆಟ್ಟವರೂ ಅಲ್ಲ. ರೋಗಿಗಳಿಗಾಗಿಯೇ ಆ ಚಳಿಗೆ ಬಂದವರು. ಹಿಂದಿನ ರೋಗದಿಂದ ಕಲಿತದ್ದನ್ನು ಹೊಸ ರೋಗದ ಮೇಲೂ ಹೊರಿಸಿದ್ದು ಅವರ ತಪ್ಪು. ಮಾಸ್ಕ್ ಕಟ್ಟಿದವರೆಲ್ಲ ಉಳಿದರು ಎಂದೂ ಹೇಳುವಂತಿಲ್ಲ. ಮುಕ್ಡೆನ್ ನಗರದ ರೈಲು ನಿಲ್ದಾಣದಲ್ಲಿ ಕೂಲಿಗಳ ತಪಾಸಣೆ ಮಾಡುತ್ತಿದ್ದ ಆರ್ಥರ್ ಜಾಕ್ಸನ್ ಎಂಬ ಬ್ರಿಟಿಷ್ ಡಾಕ್ಟರ್ ಜನವರಿ 25ರಂದು ಸತ್ತಾಗ ಅವರಿಗೆ ಬರೀ 26 ವರ್ಷ. ಈ ಪಿಡುಗಿನ ವಿರುದ್ಧ ದುಡಿದ ಸುಮಾರು ಮೂರು ಸಾವಿರ ಸಿಬ್ಬಂದಿಯಲ್ಲಿ ಹತ್ತರಲ್ಲಿ ಒಬ್ಬರಂತೆ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹಳಷ್ಟು ಜನ ಆಂಬುಲೆನ್ಸ್ ಎಳೆದವರು, ಹೆಣ ಹೊತ್ತವರು, ಅಡುಗೆ ಮಾಡಿದವರು. ಅವರ ಹೆಸರುಗಳನ್ನು ಇಂದು ಯಾರೂ ಹೇಳುವುದಿಲ್ಲ.

ಹೆದರಿದ ಊರಿಗೆ ಈಗ ಮಾಡಲು ಕೆಲಸ ಬೇಕಿತ್ತು. ವು ಆ ಕೆಲಸವನ್ನು ಹಂಚಿದರು. ಊರನ್ನು ನಾಲ್ಕು ಭಾಗ ಮಾಡಿ, ಒಂದೊಂದು ಭಾಗದ ಜನರಿಗೂ ಬಿಳಿ, ಕೆಂಪು, ಹಳದಿ, ನೀಲಿ ಹೀಗೆ ಬೇರೆ ಬೇರೆ ಬಣ್ಣದ ತೋಳುಪಟ್ಟಿ ಕೊಡಲಾಯಿತು. ತಮ್ಮ ಭಾಗದೊಳಗೆ ಓಡಾಡಬಹುದು, ಇನ್ನೊಂದು ಭಾಗಕ್ಕೆ ಹೋಗಲು ಅನುಮತಿ ಬೇಕು. ಸಾವಿರಕ್ಕೂ ಹೆಚ್ಚು ಸೈನಿಕರನ್ನು ಕಾವಲಿಗೆ ಕರೆಸಲಾಯಿತು. ತಂಡಗಳು ದಿನವೂ ಮನೆ ಮನೆಗೆ ಹೋಗಿ ಜ್ವರ ಬಂದವರನ್ನು ಹುಡುಕಿದವು. ರೋಗಿಯ ಜೊತೆ ಇದ್ದವರನ್ನು ಬೇರೆ ಇರಿಸಲು ಜಾಗ ಸಾಲದಾದಾಗ ರಷ್ಯನ್ನರ ರೈಲ್ವೆಯಿಂದ ಗೂಡ್ಸ್ ಬೋಗಿಗಳನ್ನು ಕೇಳಿ ಪಡೆದು, ಅವುಗಳಲ್ಲಿ ಒಲೆ ಹಾಕಿ ಬೆಚ್ಚಗೆ ಮಾಡಿ ಜನರನ್ನು ಇರಿಸಿದರು. ಹೊಸ ವರ್ಷಕ್ಕೆ ಊರಿಗೆ ಹೊರಟಿದ್ದ ಸಾವಿರಾರು ಕೂಲಿಗಳ ಮೂಲಕ ರೋಗ ದೇಶವೆಲ್ಲ ಹರಡದಂತೆ ರೈಲು ಪ್ರಯಾಣಕ್ಕೆ ಕಡಿವಾಣ ಹಾಕಲಾಯಿತು. ಇದರ ಕಷ್ಟ ಹೆಚ್ಚು ಬಿದ್ದದ್ದು ಬಡವರ ಮೇಲೆಯೇ. 2020ರಲ್ಲಿ ನಮ್ಮ ವಲಸೆ ಕಾರ್ಮಿಕರು ಹೆದ್ದಾರಿಯಲ್ಲಿ ನಡೆದದ್ದನ್ನು ನೋಡಿದ ನಮಗೆ ಆ ನೋವನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದರೂ ಸಾವು ನಿಲ್ಲಲಿಲ್ಲ. ಜನವರಿ ಕೊನೆಯ ಹೊತ್ತಿಗೆ ಆ ಒಂದೇ ಊರಿನಲ್ಲಿ ದಿನಕ್ಕೆ ನೂರಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಒಂದು ದಿನ ವು ಊರಾಚೆಯ ಸ್ಮಶಾನಕ್ಕೆ ಹೋದರು. ಅಲ್ಲಿ ಅವರು ಕಂಡದ್ದು ಮೈಲುದ್ದ ಸಾಲಾಗಿ ಬಿದ್ದಿದ್ದ ಶವಪೆಟ್ಟಿಗೆಗಳನ್ನು. ನೆಲ ಆಳದವರೆಗೂ ಹೆಪ್ಪುಗಟ್ಟಿದ್ದರಿಂದ ಗುಂಡಿ ತೋಡಲಾಗದೆ ಸುಮಾರು ಎರಡು ಸಾವಿರ ಶವಗಳು ವಾರಗಟ್ಟಲೆ ಬಯಲಲ್ಲೇ ಉಳಿದಿದ್ದವು. ಚಳಿಗೆ ರೋಗಾಣುಗಳು ಸಾಯುವುದಿಲ್ಲ, ಪೆಟ್ಟಿಗೆಗಳಿಗೆ ಇಲಿಗಳೂ ಬರಬಹುದು. ಸುಡುವುದೊಂದೇ ದಾರಿ.

ನಮಗೆ ಶವವನ್ನು ಸುಡುವುದು ವಿಶೇಷವೇನಲ್ಲ. ಆದರೆ ಹಿರಿಯರನ್ನು ಮಣ್ಣಿನಲ್ಲಿಟ್ಟು, ವರ್ಷ ವರ್ಷ ಆ ಸಮಾಧಿಗೆ ನಮಸ್ಕರಿಸುವುದನ್ನೇ ಧರ್ಮವೆಂದು ನಂಬಿದ್ದ ಚೀನೀಯರಿಗೆ ಅದು ಊಹಿಸಲೂ ಆಗದ ಪಾಪ. ವು ಆ ನಂಬಿಕೆಯನ್ನು ಗೇಲಿ ಮಾಡಲಿಲ್ಲ, ಬಲಪ್ರಯೋಗಕ್ಕೂ ಇಳಿಯಲಿಲ್ಲ. ಮೊದಲು ಊರಿನ ಅಧಿಕಾರಿಗಳನ್ನು, ಮುಖಂಡರನ್ನು ಕರೆದುಕೊಂಡು ಹೋಗಿ ಆ ಸಾಲನ್ನು ತೋರಿಸಿದರು. ನಂತರ ಅವರ ಬೆಂಬಲದೊಂದಿಗೆ ಚಕ್ರವರ್ತಿಯ ಆಸ್ಥಾನಕ್ಕೆ ಮನವಿ ಕಳಿಸಿದರು. ಕೆಲವು ದಿನಗಳ ಆತಂಕದ ನಂತರ ಅನುಮತಿ ಬಂತು. 1911ರ ಜನವರಿ 31ರಂದು ಶವಪೆಟ್ಟಿಗೆಗಳನ್ನು ನೂರು ನೂರರಂತೆ ಒಟ್ಟಿ, ಸೀಮೆಎಣ್ಣೆ ಸುರಿದು ಬೆಂಕಿ ಇಡಲಾಯಿತು. ಅದರ ಹಿಂದಿನ ದಿನವೇ ಚೀನೀಯರ ಹೊಸ ವರ್ಷ. ಆ ವರ್ಷ ಪಟಾಕಿಗಳನ್ನು ಮನೆಯೊಳಗೇ ಹೊಡೆಯಿರಿ ಎಂದು ಜನರಿಗೆ ಹೇಳಲಾಗಿತ್ತು. ಪಟಾಕಿಯ ಗಂಧಕದ ಹೊಗೆಯಿಂದ ಮನೆ ಶುದ್ಧವಾದೀತು ಎಂಬ ಆಸೆ ಅದರ ಹಿಂದಿತ್ತು. ಹಬ್ಬವನ್ನು ನಿಲ್ಲಿಸದೆ, ಹಬ್ಬಕ್ಕೂ ಒಂದು ಕೆಲಸ ಕೊಟ್ಟಂತಾಯಿತು.

ಮುಂದಿನ ದಿನಗಳಲ್ಲಿ ಸಾವು ಇಳಿಯತೊಡಗಿತು. ಮಾರ್ಚ್ 1ರಂದು ಫುಜಿಯಾದಿಯನ್‌ನಲ್ಲಿ ಕೊನೆಯ ಪ್ರಕರಣ ದಾಖಲಾಯಿತು. ಅಷ್ಟರಲ್ಲಿ ಮಂಚೂರಿಯಾ ಮತ್ತು ಸುತ್ತಲಿನ ಪ್ರದೇಶಗಳಲ್ಲಿ ಸುಮಾರು 60 ಸಾವಿರ ಜನ ಸತ್ತಿದ್ದರು. ಏಪ್ರಿಲ್‌ನಲ್ಲಿ ಮುಕ್ಡೆನ್‌ನಲ್ಲಿ 11 ದೇಶಗಳ ವಿಜ್ಞಾನಿಗಳು ಸೇರಿ ಪ್ಲೇಗ್ ಸಮ್ಮೇಳನ ನಡೆಸಿದರು. ಪ್ಲೇಗಿನ ಬ್ಯಾಕ್ಟೀರಿಯಾ ಕಂಡುಹಿಡಿದವರಲ್ಲಿ ಒಬ್ಬರೆಂದು ಹೆಸರಾದ ಜಪಾನಿನ ಕಿತಾಸಾತೊ ಕೂಡ ಬಂದಿದ್ದ ಆ ಸಭೆಯ ಅಧ್ಯಕ್ಷತೆ ವಹಿಸಿದ್ದು 32 ವರ್ಷದ ವು.

ಬಹಳ ಕಡೆ ಅವರ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯವೆನಿಸುವುದು ಇದರ ನಂತರದ ಹತ್ತು ವರ್ಷ. ರೋಗ ಹೋಯಿತು, ಜನ ಮರೆತರು, ಚಕ್ರವರ್ತಿಯ ಆಳ್ವಿಕೆಯೇ ಕೊನೆಗೊಂಡಿತು. ವು ಮಾತ್ರ ಹಾರ್ಬಿನ್ ಬಿಡಲಿಲ್ಲ. 1912ರಲ್ಲಿ ಅಲ್ಲಿ ಪ್ಲೇಗ್ ತಡೆ ಸೇವೆಯನ್ನು ಕಟ್ಟಿದರು. ಬೇರೆ ಬೇರೆ ಊರುಗಳಲ್ಲಿ ಆಸ್ಪತ್ರೆಗಳನ್ನು ತೆರೆದರು. ಪ್ಲೇಗ್ ಇಲ್ಲದ ದಿನಗಳಲ್ಲಿ ಅಲ್ಲಿ ಸಾಮಾನ್ಯ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತಿತ್ತು. ಹಾಗಾಗಿ ಜನರಿಗೆ ಆ ಡಾಕ್ಟರುಗಳು ಪರಿಚಿತರಾದರು. ವು ಸ್ವತಃ ಹುಲ್ಲುಗಾವಲುಗಳಿಗೆ ಹೋಗಿ ಟಾರ್ಬಗನ್‌ಗಳನ್ನು ಅಧ್ಯಯನ ಮಾಡಿ, ಅವುಗಳಿಗೂ ಈ ರೋಗ ಉಸಿರಿನ ಮೂಲಕ ತಗುಲಬಲ್ಲದು ಎಂದು ತೋರಿಸಿದರು.

1920ರಲ್ಲಿ ಅದೇ ರೋಗ ಮತ್ತೆ ಬಂತು. ಈ ಸಲ ಮೈಕ್ರೋಸ್ಕೋಪು ಸಿದ್ಧವಿತ್ತು, ಆಸ್ಪತ್ರೆ ಸಿದ್ಧವಿತ್ತು, ತರಬೇತಿ ಪಡೆದ ಜನ ಇದ್ದರು. ಎಲ್ಲವೂ ಸರಿಯಾಗಿ ನಡೆಯಿತು ಎಂದಲ್ಲ. ಒಂದು ಊರಿನಲ್ಲಿ ಪ್ರತ್ಯೇಕವಾಗಿ ಇರಿಸಿದ್ದವರನ್ನು ಶಿಸ್ತಿಲ್ಲದ ಸೈನಿಕರು ಬಿಡಿಸಿಬಿಟ್ಟರು. ಅವರು ಕಲ್ಲಿದ್ದಲ ಗಣಿಯಲ್ಲಿ ಅಡಗಿಕೊಂಡರು, ರೋಗ ಗಣಿಗಾರರ ನಡುವೆ ಹಬ್ಬಿತು. ಆದರೂ ಆ ಸಲ ಸತ್ತವರ ಸಂಖ್ಯೆ ಹತ್ತು ಸಾವಿರ ದಾಟಲಿಲ್ಲ. ಮೊದಲ ಸಲ 60 ಸಾವಿರ, ಎರಡನೆಯ ಸಲ ಹತ್ತು ಸಾವಿರದೊಳಗೆ. ಎರಡೂ ಸಲ ಔಷಧಿ ಇರಲಿಲ್ಲ. ಎರಡನೆಯ ಸಲ ಇದ್ದದ್ದು ಹತ್ತು ವರ್ಷದ ತಯಾರಿ.

ಅವರ ಮುಂದಿನ ಬದುಕು ಸುಖದ್ದಾಗಿರಲಿಲ್ಲ. ಚೀನಾದ ವೈದ್ಯರ ಸಂಘ ಕಟ್ಟಲು ದುಡಿದರು, ಬೀಜಿಂಗ್‌ನಲ್ಲಿ ದೊಡ್ಡ ಆಸ್ಪತ್ರೆ ತೆರೆದರು, 1930ರಿಂದ ದೇಶದ ಬಂದರುಗಳ ಕ್ವಾರಂಟೈನ್ ಸೇವೆಯನ್ನು ನೋಡಿಕೊಂಡರು. 1931ರಲ್ಲಿ ಮಂಚೂರಿಯಾವನ್ನು ಆಕ್ರಮಿಸಿದ ಜಪಾನೀಯರು ಅವರನ್ನು ಗೂಢಚಾರನೆಂಬ ಅನುಮಾನದ ಮೇಲೆ ಬಂಧಿಸಿಟ್ಟರು. 1935ರಲ್ಲಿ ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಸೂಚಿತವಾಯಿತು, ಪ್ರಶಸ್ತಿ ಬರಲಿಲ್ಲ. 1937ರಲ್ಲಿ ಯುದ್ಧ ಶಾಂಘೈಗೆ ಬಂದಾಗ ಅವರು ಎಲ್ಲವನ್ನೂ ಬಿಟ್ಟು ಮಲಯಾಕ್ಕೆ ಮರಳಿದರು. ಇಪೋ ಪಟ್ಟಣದಲ್ಲಿ ಒಂದು ಸಾಮಾನ್ಯ ಕ್ಲಿನಿಕ್ ಇಟ್ಟುಕೊಂಡು ಮುಪ್ಪಿನವರೆಗೂ ರೋಗಿಗಳನ್ನು ನೋಡಿದರು. 1960ರ ಜನವರಿ 21ರಂದು, 80ನೆಯ ವಯಸ್ಸಿನಲ್ಲಿ, ಹುಟ್ಟಿದ ಪೆನಾಂಗ್‌ನಲ್ಲೇ ತೀರಿಕೊಂಡರು.

ಪ್ಲೇಗ್ ಬ್ಯಾಕ್ಟೀರಿಯಾದಿಂದ ಬರುವ ರೋಗ, ಇಂದು ನಮ್ಮನ್ನು ಕಾಡುವ ಕೊರೊನಾ, ನಿಫಾ ವೈರಸ್‌ಗಳು. ಆದರೆ ಹೊಸ ರೋಗವೊಂದು ಬಂದಾಗ ಮನುಷ್ಯರು ನಡೆದುಕೊಳ್ಳುವ ರೀತಿ ಹೆಚ್ಚು ಬದಲಾಗಿಲ್ಲ. ಮೊದಲು ನಗುತ್ತೇವೆ, ಆಮೇಲೆ ಹೆದರುತ್ತೇವೆ, ಮುಗಿದ ಮೇಲೆ ಮರೆಯುತ್ತೇವೆ. ನಮ್ಮ ಮಲೆನಾಡಿನವರಿಗೆ ಇದು ಚೆನ್ನಾಗಿ ಗೊತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗುರುತಿಸಿದ ವೈರಸ್ ಇಂದಿಗೂ ಅಲ್ಲೇ ಇದೆ. ಕಾಡಿನಂಚಿನಲ್ಲಿ ಮಂಗ ಸತ್ತು ಬಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವ ಒಬ್ಬ ದನಗಾಹಿ, ಮಂಕಾದ ಪ್ರಾಣಿಯನ್ನು ಬಿಟ್ಟುಬಿಟ್ಟ ಆ ಮಂಗೋಲ ಬೇಟೆಗಾರನಷ್ಟೇ ಜಾಣ.

ಕೊರೊನಾ ಕಾಲದಲ್ಲಿ ನಮ್ಮಲ್ಲಿ ಅನೇಕರ ಪರೀಕ್ಷೆ ಮುಂದಕ್ಕೆ ಹೋಯಿತು, ಕೆಲಸದ ಸಂದರ್ಶನಗಳು ರದ್ದಾದವು, ಕೆಲವರು ಮನೆಯವರನ್ನೇ ಕಳೆದುಕೊಂಡರು. ಮುಂದಿನ ಸಲ ನಾವು ಏನು ಮಾಡುತ್ತೇವೆ ಎಂಬುದು ಈಗ, ರೋಗ ಇಲ್ಲದ ಈ ದಿನಗಳಲ್ಲಿ ತೀರ್ಮಾನವಾಗುತ್ತದೆ. ನಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಪ್ರಯೋಗಾಲಯ ನಡೆಯುತ್ತಿದೆಯೇ, ಖಾಲಿ ಬಿದ್ದಿರುವ ತಂತ್ರಜ್ಞರ ಹುದ್ದೆಗಳು ತುಂಬಿವೆಯೇ, ಊರಿನ ಆಶಾ ಕಾರ್ಯಕರ್ತೆಗೆ ಸಕಾಲಕ್ಕೆ ಗೌರವಧನ ಸಿಗುತ್ತಿದೆಯೇ ಎಂದು ಕೇಳುವುದಕ್ಕೆ ಯಾವ ಪದವಿಯೂ ಬೇಕಿಲ್ಲ. ವಾಟ್ಸ್‌ಆ್ಯಪ್‌ಗೆ ಬಂದ ಹೆದರಿಸುವ ಸುದ್ದಿಯನ್ನು ಮುಂದಕ್ಕೆ ಕಳಿಸುವ ಮೊದಲು ಒಮ್ಮೆ ನಿಲ್ಲುವುದಕ್ಕೂ ಬೇಕಿಲ್ಲ. ವು ಅವರ ಕೈಯಲ್ಲಿ ಇದ್ದದ್ದಾದರೂ ಏನು? ಒಂದು ಮೈಕ್ರೋಸ್ಕೋಪು, ಒಂದಿಷ್ಟು ಬಟ್ಟೆ, ಸ್ವಲ್ಪ ಹತ್ತಿ. ಜೊತೆಗೆ, ರೋಗ ಹೋದ ಮೇಲೂ ಹಾರ್ಬಿನ್ ಬಿಟ್ಟು ಹೋಗದಷ್ಟು ಜವಾಬ್ದಾರಿ.